ಆಳದ ಗಣಿ ನಮ್ಮ ಕಡೆ ಬಂದರೆ: ಒಳಗೆ ಇಳಿಯುವವರ ಜೀವ, ಹೊರಗಿರುವವರ ನೀರು

ಶಹಾಪುರ ರೈತ

ಎಲ್ಲರಿಗೂ ಶರಣು. ನಮ್ಮ ಕಡೆ ಗಣಿಯ ಮಾತು ಮತ್ತೆ ಎದ್ದಿದೆ. ನಮ್ಮ ಶಹಾಪುರ ತಾಲ್ಲೂಕಿನ ಗೋಗಿ ಭಾಗದ ನೆಲದಡಿ ಯುರೇನಿಯಂ ಇದೆ ಅನ್ನುವುದು ಹೊಸ ಸುದ್ದಿ ಏನಲ್ಲ. ಪರಮಾಣು ಖನಿಜ ನಿರ್ದೇಶನಾಲಯದವರು ಪತ್ತೆ ಮಾಡಿ ವರ್ಷಗಳೇ ಆದವು. ಪರಿಶೋಧನೆಗೆ ಅಂತ ಅಗೆದದ್ದೂ ಆಗಿದೆ, ಊರವರು ವಿರೋಧ ಮಾಡಿದ್ದೂ ಆಗಿದೆ. ಇತ್ತ ಸುರಪುರ ತಾಲ್ಲೂಕಿನ ಮಂಗಳೂರು (ಕರಾವಳಿಯದ್ದಲ್ಲ) ಸುತ್ತ ಚಿನ್ನದ ಅದಿರಿನ ಪಟ್ಟಿ ಇದೆ. ಹಟ್ಟಿ ಚಿನ್ನದ ಗಣಿ ಅಂತೂ ಪಕ್ಕದ ರಾಯಚೂರು ಜಿಲ್ಲೆಯಲ್ಲೇ ಇದೆ, ನಮ್ಮ ಕಡೆಯವರೂ ಅಲ್ಲಿ ದುಡಿಯುತ್ತಾರೆ.

ನನ್ನ ಅಣ್ಣನ ಮಗ ಭೂಮಿಯೊಳಗಿನ ಗಣಿಯಲ್ಲಿ ಕೆಲಸ ಸಿಕ್ಕರೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ಅವರವ್ವ ಬೇಡವೇ ಬೇಡ ಅನ್ನುತ್ತಾಳೆ. ಇನ್ನೊಂದು ಕಡೆ ನನಗೆ ಹೊಲದ ಬೋರ್‌ವೆಲ್ ಚಿಂತೆ. ಗಣಿಯವರು ನೀರು ಎತ್ತಿ ಹೊರಗೆ ಹಾಕಿದರೆ ನಮ್ಮ ಬೋರ್ ಏನಾಗುತ್ತದೆ? ಅಗೆದು ತೆಗೆದ ಕಲ್ಲುಪುಡಿ ಎಲ್ಲಿ ಸುರಿಯುತ್ತಾರೆ?

ಬೇಕು, ಬೇಡ ಅನ್ನುವ ಕೂಗಾಟ ಊರಲ್ಲಿ ಬೇಕಾದಷ್ಟು ಕೇಳಿದ್ದೇನೆ. ಇಲ್ಲಿ ತಿಳಿದವರು ಇದ್ದೀರಿ. ಒಳಗೆ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ಅಪಾಯ, ನಾವು ಏನು ಕೇಳಬೇಕು, ಇಷ್ಟು ಬಿಡಿಸಿ ಹೇಳಿ.

ನಿವೃತ್ತ ಮೇಸ್ತ್ರಿ, ಯಾದಗಿರಿ

ತಮ್ಮಾ, ನಾನು ಚಿಕ್ಕ ವಯಸ್ಸಿಗೇ ಲೋಹದ ಗಣಿಯೊಂದರಲ್ಲಿ ಇಳಿದವನು. ನಿವೃತ್ತಿಯವರೆಗೂ ಭೂಮಿ ಒಳಗೇ ದುಡಿದೆ. ಗಣಿಯ ಹೆಸರು ಇಲ್ಲಿ ಬೇಡ. ಕಂಡದ್ದನ್ನು ಹೇಳುತ್ತೇನೆ.

ಒಳಗೆ ಇಳಿಯುವ ಮೊದಲು ಟೋಕನ್ ಕೊಡುತ್ತಾರೆ. ಯಾರ ಟೋಕನ್ ವಾಪಸ್ ಬಂದಿಲ್ಲವೋ ಅವನು ಇನ್ನೂ ಒಳಗಿದ್ದಾನೆ ಅಂತ ಲೆಕ್ಕ. ಇದನ್ನು ಹಗುರವಾಗಿ ನೋಡುವ ಗಣಿಗೆ ನಿಮ್ಮ ಹುಡುಗನನ್ನು ಕಳಿಸಬೇಡಿ. ಬ್ಲಾಸ್ಟಿಂಗ್ ಮಾಡುವ ಮೊದಲು ಯಾರು ಒಳಗಿದ್ದಾರೆ ಅನ್ನುವುದಕ್ಕೆ ಬೇರೆ ಆಧಾರ ಇಲ್ಲ.

ಬ್ಲಾಸ್ಟಿಂಗ್ ಆದ ಮೇಲೆ ತಕ್ಷಣ ಹೋಗುವಂತಿಲ್ಲ. ಮದ್ದು ಸಿಡಿದಾಗ ಕಾರ್ಬನ್ ಮೊನಾಕ್ಸೈಡ್, ನೈಟ್ರೋಜನ್ ಆಕ್ಸೈಡ್ ಏಳುತ್ತವೆ. ಕಾರ್ಬನ್ ಮೊನಾಕ್ಸೈಡ್ ಮೂಗಿಗೆ ಗೊತ್ತೇ ಆಗುವುದಿಲ್ಲ. ಫ್ಯಾನ್ ಓಡಿ ಹೊಗೆ ಹೋಗುವ ತನಕ ಕಾಯಬೇಕು. ಟಾರ್ಗೆಟ್ ಇದೆ ಅಂತ ಬೇಗ ನುಗ್ಗಿಸುವ ಮೇಲಿನವರು ಇರುತ್ತಾರೆ. ಅಲ್ಲೇ ಜೀವ ಹೋಗುತ್ತದೆ.

ಆಮೇಲೆ ಮೊದಲ ಕೆಲಸ ಮೇಲಿನ ಬಂಡೆ ನೋಡುವುದು. ಉದ್ದನೆಯ ಹಾರೆ ಹಿಡಿದು ತಲೆ ಮೇಲಿನ ಬಂಡೆಯನ್ನು ತಟ್ಟುತ್ತೇವೆ. ಠಣ್ ಅಂದರೆ ಗಟ್ಟಿ. ದಬ್ ಅಂತ ಟೊಳ್ಳು ಸದ್ದು ಬಂದರೆ ಒಳಗೆ ಬಿರುಕು ಬಿಟ್ಟಿದೆ. ಆಗ ನಾವು ನಿಂತ ಜಾಗ ಮೊದಲೇ ತಟ್ಟಿ ನೋಡಿದ ಗಟ್ಟಿ ಜಾಗ ಆಗಿರಬೇಕು, ಹಿಂದೆ ಓಡುವುದಕ್ಕೆ ದಾರಿ ಖಾಲಿ ಇರಬೇಕು. ಆಮೇಲೆ ಹಾರೆಯಿಂದ ಮೀಟಿ ಸಡಿಲ ಬಂಡೆಯನ್ನು ನಾವೇ ಬೀಳಿಸಬೇಕು. ನಾವು ಬೀಳಿಸದಿದ್ದರೆ ಅದು ಮುಂದಿನ ಶಿಫ್ಟಿನವನ ಮೇಲೆ ತಾನಾಗಿ ಬೀಳುತ್ತದೆ. ಹೊಸ ಹುಡುಗರಿಗೆ ನಾನು ಕಲಿಸಿದ ಮೊದಲ ಪಾಠ ಈ ಸದ್ದು. ಈಗ ಬಂಡೆಗೆ ಬೋಲ್ಟ್ ಹೊಡೆದು, ಜಾಲರಿ ಕಟ್ಟಿ, ಸಿಮೆಂಟ್ ಚಿಮ್ಮಿಸುತ್ತಾರೆ. ಒಳ್ಳೆಯದೇ. ಆದರೂ ಹಾರೆ ಬಿಡಬಾರದು.

ಇನ್ನೊಂದು, ಸಾಕೆಟ್. ಹಿಂದಿನ ಸಲ ಮದ್ದು ತುಂಬಿದ ತೂತು ಪೂರ್ತಿ ಸಿಡಿಯದೆ ಬುಡ ಉಳಿದಿರುತ್ತದೆ. ಒಳಗೆ ಮದ್ದು ಇನ್ನೂ ಇರಬಹುದು. ಅದೇ ತೂತಿಗೆ ಡ್ರಿಲ್ ಇಟ್ಟರೆ ಸುಲಭ ಅನ್ನಿಸುತ್ತದೆ, ಕಲ್ಲು ಬೇಗ ಕೊರೆಯುತ್ತದೆ. ಕಾನೂನು ಅದನ್ನು ಕಡ್ಡಾಯವಾಗಿ ಬೇಡ ಅಂದಿದೆ. ಬೇಡ ಅಂದರೆ ಬೇಡ.

ಡ್ರಿಲ್‌ಗೆ ನೀರು ಹಾಯಿಸಿಯೇ ಕೊರೆಯಬೇಕು. ಒಣ ಡ್ರಿಲ್ಲಿಂಗ್ ಮಾಡಿದರೆ ಏಳುವ ಕಲ್ಲಿನ ಧೂಳು ಪುಪ್ಪುಸದಲ್ಲಿ ಕೂರುತ್ತದೆ. ಸಿಲಿಕೋಸಿಸ್ ಅಂತಾರೆ, ವಾಸಿ ಮಾಡುವ ಔಷಧಿ ಇಲ್ಲ. ನನ್ನ ಜೊತೆಗಾರನೊಬ್ಬನಿಗೆ ಉಸಿರು ಕಟ್ಟುತ್ತಿತ್ತು. ಆಸ್ಪತ್ರೆಯೊಂದರಲ್ಲಿ ಟಿಬಿ ಅಂತ ಮಾತ್ರೆ ಕೊಡುತ್ತಲೇ ಇದ್ದರು. ಕಲ್ಲಿನ ಕೆಲಸ ಮಾಡಿದ್ದೀಯಾ ಅಂತ ಯಾರೂ ಕೇಳಲೇ ಇಲ್ಲ. ಕೊನೆಗೆ ಬೇರೆ ಊರಿನ ಡಾಕ್ಟರು ಕೇಳಿದರು, ಎಕ್ಸ್‌ರೇ ನೋಡಿ ಹೇಳಿದರು. ಅಷ್ಟೊತ್ತಿಗೆ ನಾಲ್ಕು ಮೆಟ್ಟಿಲು ಹತ್ತಲೂ ಅವನಿಗೆ ಆಗುತ್ತಿರಲಿಲ್ಲ.

ಡಿಪ್ಲೊಮಾ ವಿದ್ಯಾರ್ಥಿ

ಕಾಕಾ, ತುಂಬಾ ಥ್ಯಾಂಕ್ಸ್. ನಾನು ಮೈನಿಂಗ್ ಡಿಪ್ಲೊಮಾ ಓದುತ್ತಿದ್ದೇನೆ, ಊರು ಚಿತ್ತಾಪುರ. ಸಿಲಿಕೋಸಿಸ್ ಬಗ್ಗೆ ಒಂದು ಮಾತು. ಅದು ಗಣಿ ಕಾಯ್ದೆಯಡಿ ಅಧಿಸೂಚಿತ ಕಾಯಿಲೆ. ಅಂದರೆ ಪತ್ತೆಯಾದರೆ ಸರ್ಕಾರಕ್ಕೆ ವರದಿ ಮಾಡಲೇಬೇಕು, ಮುಚ್ಚಿಡುವಂತಿಲ್ಲ. ಕೆಲಸಕ್ಕೆ ಸೇರುವಾಗ ಒಂದು ವೈದ್ಯಕೀಯ ತಪಾಸಣೆ, ಆಮೇಲೆ 5 ವರ್ಷ ಮೀರದಂತೆ ಮತ್ತೆ ಮತ್ತೆ, ಎದೆಯ ಎಕ್ಸ್‌ರೇ ಸಮೇತ ಆಗಬೇಕು. ಗುತ್ತಿಗೆ ಕಾರ್ಮಿಕರಿಗೂ ಇದು ಅನ್ವಯ. ಎಕ್ಸ್‌ರೇ ಪ್ರತಿ ಕೇಳಿ ಇಸಿದುಕೊಳ್ಳಿ, ಮನೆಯಲ್ಲಿ ಇಡಿ. ಗುತ್ತಿಗೆದಾರ ಬದಲಾದಾಗ ಹಳೆ ದಾಖಲೆ ಎಲ್ಲಿಗೆ ಹೋಯಿತು ಅಂತ ಹುಡುಕಿದರೂ ಸಿಗುವುದಿಲ್ಲ.

ಆಳ ಜಾಸ್ತಿಯಾದಂತೆ ಬಿಸಿ ಜಾಸ್ತಿ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಆಳ ಇಳಿದಿತ್ತು. ಅಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟಿತ್ತು. ದಕ್ಷಿಣ ಆಫ್ರಿಕಾದ ಎಂಪೊನೆಂಗ್ ಗಣಿ ಸುಮಾರು 4 ಕಿ.ಮೀ. ಆಳ, ಅಲ್ಲಿ ಮಂಜುಗಡ್ಡೆ ಬೆರೆಸಿದ ನೀರನ್ನು ಕೆಳಗೆ ಪಂಪ್ ಮಾಡಿ ಗಾಳಿ ತಂಪು ಮಾಡುತ್ತಾರೆ. ನಮ್ಮ ನಿಯಮದ ಪ್ರಕಾರ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನಲ್ಲಿ 33.5 ಡಿಗ್ರಿ ಮೀರಬಾರದು. 30.5 ದಾಟಿದರೆ ಗಾಳಿ ಸೆಕೆಂಡಿಗೆ ಕನಿಷ್ಠ 1 ಮೀಟರ್ ವೇಗದಲ್ಲಿ ಓಡುತ್ತಿರಬೇಕು. ಹಸಿ ಬಿಸಿಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಅದಕ್ಕೇ ಈ ಲೆಕ್ಕ.

ಕೆಜಿಎಫ್‌ನಲ್ಲಿ ಇನ್ನೊಂದು ಕಾಟ ಇತ್ತು, ರಾಕ್ ಬರ್ಸ್ಟ್. ಅಷ್ಟು ಆಳದಲ್ಲಿ ಬಂಡೆ ಮೇಲಿನ ಭಾರಕ್ಕೆ ಬಿಗಿದುಕೊಂಡಿರುತ್ತದೆ. ಪಕ್ಕದಲ್ಲಿ ಖಾಲಿ ಮಾಡಿದಾಗ ಒಮ್ಮೆಲೇ ಒಡೆದು ಸಿಡಿಯುತ್ತದೆ, ಮೇಲಿನ ಊರಿಗೂ ನೆಲ ನಡುಗಿದ್ದು ಗೊತ್ತಾಗುತ್ತಿತ್ತು. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಅಲ್ಲೇ ಶುರುವಾದದ್ದು ಸುಮ್ನೆ ಅಲ್ಲ.

ವಾಡಿ ಜಂಕ್ಷನ್

ಭಯ ಹುಟ್ಟಿಸುವ ಮಾತೇ ಜಾಸ್ತಿ ಆಗುತ್ತಿದೆ ಅನ್ನಿಸುತ್ತದೆ. ನಮ್ಮ ಜಿಲ್ಲೆಗಳ ಸ್ಥಿತಿ ನೋಡಿ. ಮಳೆ ಕೈಕೊಟ್ಟರೆ ಮಂದಿ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತಾರೆ. ಮಕ್ಕಳನ್ನು ಶಾಲೆ ಬಿಡಿಸಿ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಕಟ್ಟಡದ ಕೆಲಸದಲ್ಲಿ ಮೇಲಿಂದ ಬಿದ್ದು ಸತ್ತವರಿಗೆ ಲೆಕ್ಕವೇ ಇಲ್ಲ. ಆ ಕೆಲಸಕ್ಕೆ ಹೋಲಿಸಿದರೆ ಗಣಿಯಲ್ಲಿ ಕಾನೂನು ಇದೆ, ಇನ್‌ಸ್ಪೆಕ್ಟರ್ ಇದ್ದಾರೆ, ಪಿಎಫ್ ಇದೆ, ಸಂಬಳ ಇದೆ. ಸಿಮೆಂಟ್ ಕಾರ್ಖಾನೆಗಳು ಬಂದಿದ್ದರಿಂದಲೇ ನಮ್ಮ ವಾಡಿ ಕಡೆ ಎಷ್ಟೋ ಮನೆಗಳು ನೆಟ್ಟಗಾದವು. ನಮಗೆ ಉದ್ಯೋಗ ಬೇಡವಾ?

ನಿವೃತ್ತ ಮೇಸ್ತ್ರಿ, ಯಾದಗಿರಿ

ಬೇಕು. ನನ್ನ ಮಕ್ಕಳನ್ನು ಓದಿಸಿದ್ದು ಗಣಿಯ ಸಂಬಳವೇ. ನಾನು ಗಣಿ ವಿರೋಧಿ ಅಲ್ಲಪ್ಪ. ಕಾನೂನು ಇದೆ ಅಂದೆಯಲ್ಲ, ಆ ಕಾನೂನು ಕಾಯಂ ಕೆಲಸಗಾರನಿಗೆ ಸಿಕ್ಕಷ್ಟು ಗುತ್ತಿಗೆಯವನಿಗೆ ಸಿಗುವುದಿಲ್ಲ. ಈಗ ಹೊಸದಾಗಿ ಹೋಗುವ ಹುಡುಗರಲ್ಲಿ ಎಷ್ಟು ಜನ ಕಾಯಂ ಆಗುತ್ತಾರೆ ಅಂತ ಮೊದಲು ಕೇಳು.

ಕಲಬುರಗಿ ವಕೀಲ

ಕಾಯ್ದೆಯ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ಇಷ್ಟು ವರ್ಷ ಆಧಾರ 1952ರ ಗಣಿ ಕಾಯ್ದೆ ಮತ್ತು ಲೋಹದ ಗಣಿಗಳಿಗೆ 1961ರ ನಿಯಮಾವಳಿ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಗಣಿ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ತಪಾಸಣೆ ಮಾಡುವುದು ಧನ್‌ಬಾದ್‌ನಲ್ಲಿ ಕೇಂದ್ರ ಕಚೇರಿ ಇರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ.

ಹುಡುಗ ಕೆಲಸಕ್ಕೆ ಸೇರುವ ಮುನ್ನ ಕೇಳಬೇಕಾದ್ದು: ಸುರಕ್ಷತಾ ಸಮಿತಿ ಇದೆಯಾ, ಅದರಲ್ಲಿ ಕಾರ್ಮಿಕರು ಇದ್ದಾರಾ? ನೂರಕ್ಕಿಂತ ಹೆಚ್ಚು ಜನ ದುಡಿಯುವ ಗಣಿಯಲ್ಲಿ ಈ ಸಮಿತಿ ಇರಲೇಬೇಕು. ಒಳಗೆ ಇಳಿಸುವ ಮೊದಲು ತರಬೇತಿ ಕೊಡುತ್ತಾರಾ? ಅಪ್ರೆಂಟಿಸ್, ತರಬೇತಿಯವರನ್ನು ಬಿಟ್ಟರೆ 18 ತುಂಬದವರನ್ನು ಇಳಿಸುವಂತಿಲ್ಲ. ಹೊರಗೆ ಬರಲು ಎರಡು ದಾರಿ ಇವೆಯಾ?

ಎರಡನೇ ದಾರಿಯ ಬಗ್ಗೆ ಒತ್ತಿ ಹೇಳುತ್ತೇನೆ. 2010ರಲ್ಲಿ ಚಿಲಿಯ ಸ್ಯಾನ್ ಹೊಸೆ ಗಣಿ ಕುಸಿದು 33 ಜನ ಸುಮಾರು 700 ಮೀಟರ್ ಆಳದಲ್ಲಿ ಸಿಕ್ಕಿಬಿದ್ದರು. ಕುಸಿದ ಮೇಲೆ ಅವರು ಗಾಳಿಗೆ ಕೊರೆದ ಶಾಫ್ಟ್ (ಬಾವಿಯಂಥ ದಾರಿ) ಹತ್ತಿ ಬರಲು ನೋಡಿದರು. ಇರಬೇಕಾಗಿದ್ದ ಏಣಿಗಳು ಅಲ್ಲಿ ಇರಲಿಲ್ಲ. 69 ದಿನ ಒಳಗೇ ಇದ್ದರು. ಎಲ್ಲರೂ ಬದುಕಿ ಬಂದರು ಅಂತ ಜಗತ್ತು ಸಂಭ್ರಮಿಸಿತು, ನಾನೂ ಟಿವಿ ಮುಂದೆ ಕೂತು ನೋಡಿದೆ. ಏಣಿ ಇದ್ದಿದ್ದರೆ ಆ ಕಾರ್ಯಾಚರಣೆಯೇ ಬೇಕಾಗುತ್ತಿರಲಿಲ್ಲ.

ನಮ್ಮಲ್ಲಿ 1975ರ ಡಿಸೆಂಬರ್ 27ರಂದು ಧನ್‌ಬಾದ್ ಬಳಿಯ ಚಸ್ನಾಲಾದಲ್ಲಿ 370ಕ್ಕೂ ಹೆಚ್ಚು ಜನ ಸತ್ತರು. ಮೇಲೆ ಬಿಟ್ಟುಹೋದ ಹಳೇ ಅಗೆತದಲ್ಲಿ ನೀರು ತುಂಬಿತ್ತು, ನಡುವಿನ ಗೋಡೆ ಒಡೆದು ಒಳಗೆ ನುಗ್ಗಿತು. 1989ರಲ್ಲಿ ರಾಣಿಗಂಜ್‌ನ ಮಹಾಬೀರ್ ಗಣಿಗೂ ನೀರು ನುಗ್ಗಿತು. ಅಲ್ಲಿ ಜಸ್ವಂತ್ ಸಿಂಗ್ ಗಿಲ್ ಅನ್ನುವ ಇಂಜಿನಿಯರ್ ಬೋರ್ ಕೊರೆಸಿ, ಉಕ್ಕಿನ ಕ್ಯಾಪ್ಸೂಲ್ ಮಾಡಿಸಿ, ತಾವೇ ಅದರಲ್ಲಿ ಇಳಿದು, 65 ಜನರನ್ನು ಒಬ್ಬೊಬ್ಬರಾಗಿ ಮೇಲೆ ಕಳಿಸಿದರು.

ಇದನ್ನು ಯಾಕೆ ಹೇಳಿದೆ ಅಂದರೆ, ನಮ್ಮ ಹಟ್ಟಿ, ಮಂಗಳೂರು ಪಟ್ಟಿಗಳಲ್ಲಿ ಪುರಾತನ ಕಾಲದ ಅಗೆತಗಳಿವೆ. ನಕ್ಷೆ ಇಲ್ಲದ ಹಳೇ ಗುಂಡಿಯಲ್ಲಿ ನೀರು ನಿಂತಿದ್ದರೆ ಅದರ ಕೆಳಗೆ ಕೆಲಸ ಮಾಡುವವನಿಗೆ ಗೊತ್ತಾಗುವುದು ಹೇಗೆ? ಹೊಸ ಗಣಿಗೆ ಮೊದಲು ಹಳೇ ಗುಂಡಿಗಳ ಸರ್ವೆ ಆಗಬೇಕು. ಊರಿನ ಹಿರಿಯರಿಗೆ ಗೊತ್ತಿರುವ ಗುಂಡಿಗಳು ಆ ಸರ್ವೆಯಲ್ಲಿ ಸೇರಬೇಕು.

ಆಶಾ ಕಾರ್ಯಕರ್ತೆ, ಸುರಪುರ ತಾಲ್ಲೂಕು

ನೀವೆಲ್ಲಾ ಒಳಗೆ ಇಳಿಯುವವರ ಬಗ್ಗೆ ಬರೆದಿರಿ. ನಾನು ನೀರಿನ ಬಗ್ಗೆ ಬರೆಯುತ್ತೇನೆ.

ನಮ್ಮ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕಥೆ ಎಲ್ಲರಿಗೂ ಗೊತ್ತಿರಬೇಕು. ಅಲ್ಲಿಯ ಬೋರ್ ನೀರಿನಲ್ಲಿ ಆರ್ಸೆನಿಕ್ ಇತ್ತು. ವಿಜ್ಞಾನಿಗಳು ಬಂದು ಅಧ್ಯಯನ ಮಾಡಿದರು. ಜನರ ಅಂಗೈ, ಅಂಗಾಲು ಗಂಟುಗಂಟಾಗಿ ಒರಟಾಗಿದ್ದವು, ಮೈಮೇಲೆ ಕಪ್ಪು ಚುಕ್ಕೆ, ಕೆಲವರಿಗೆ ಕ್ಯಾನ್ಸರ್. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೊಗ್ರಾಂ ಮೀರಬಾರದು. ಆ ನೀರು ನೋಡುವುದಕ್ಕೆ ತಿಳಿಯಾಗಿರುತ್ತದೆ, ರುಚಿಯೂ ಕೆಟ್ಟಿರುವುದಿಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಮೈಮೇಲೆ ಕಾಣುತ್ತದೆ.

ಈ ಆರ್ಸೆನಿಕ್ ಬಂದದ್ದು ಬಂಡೆಯಿಂದಲೇ. ಚಿನ್ನ ಇರುವ ಬಂಡೆಯಲ್ಲಿ ಆರ್ಸೆನಿಕ್ ಇರುವ ಖನಿಜವೂ ಎಷ್ಟೋ ಕಡೆ ಜೊತೆಗೇ ಇರುತ್ತದೆ. ಗೋಗಿ ಕಡೆ ನೀರಿನಲ್ಲಿ ಯುರೇನಿಯಂ ಇರುವುದೂ ಹಾಗೇ, ಬಂಡೆಯಲ್ಲಿ ಇದ್ದದ್ದು ನೀರಿಗೆ ಇಳಿದಿದೆ.

ಈಗ ನನ್ನ ಸಂಕಟ ಕೇಳಿ. ನಾಳೆ ಗಣಿ ಶುರುವಾಗುತ್ತದೆ. ಐದು ವರ್ಷದ ನಂತರ ಒಂದು ಊರಿನಲ್ಲಿ ಮಂದಿಗೆ ಕಾಯಿಲೆ ಬರುತ್ತದೆ. ಗಣಿಯಿಂದ ಬಂತು ಅಂತ ಊರವರು ಹೇಳುತ್ತಾರೆ. ನಿಮ್ಮ ಬಂಡೆಯಲ್ಲಿ ಮೊದಲೇ ಇತ್ತು ಅಂತ ಅವರು ಹೇಳುತ್ತಾರೆ. ಯಾರ ಕೈಯಲ್ಲೂ ಹಿಂದಿನ ನೀರಿನ ರಿಪೋರ್ಟ್ ಇರುವುದಿಲ್ಲ. ಕಾಯಿಲೆ ಬಿದ್ದವರು ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಅದಕ್ಕೇ ನನ್ನ ಬೇಡಿಕೆ ಒಂದೇ. ಮೊದಲ ಬ್ಲಾಸ್ಟಿಂಗಿಗೆ ಮುಂಚೆ ಸುತ್ತಲಿನ ಪ್ರತಿ ಊರಿನ ಬಾವಿ, ಬೋರ್, ಕೆರೆ ನೀರಿನ ಪರೀಕ್ಷೆ ಆಗಬೇಕು. ರಿಪೋರ್ಟ್ ಕನ್ನಡದಲ್ಲಿ ಪಂಚಾಯ್ತಿ ಗೋಡೆ ಮೇಲೆ ಇರಬೇಕು.

ಶಹಾಪುರ ರೈತ

ಅಕ್ಕಾ, ಓದಿ ಮೈ ಜುಮ್ಮೆಂದಿತು. ನಾನು ಬೋರ್ ಬತ್ತುತ್ತದೆ ಅಂತ ಮಾತ್ರ ಯೋಚನೆ ಮಾಡುತ್ತಿದ್ದೆ. ನೀರು ಕಾಯಿಸಿ ಕುಡಿದರೆ ಸಾಲದಾ?

ಆಶಾ ಕಾರ್ಯಕರ್ತೆ, ಸುರಪುರ ತಾಲ್ಲೂಕು

ಸಾಲದು ಅಣ್ಣಾ. ಕಾಯಿಸಿದರೆ ರೋಗಾಣು ಸಾಯುತ್ತವೆ. ಆರ್ಸೆನಿಕ್, ಯುರೇನಿಯಂ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅವು ಇನ್ನೂ ಗಟ್ಟಿಯಾಗುತ್ತವೆ. ಆರ್‌ಒ ಘಟಕದಲ್ಲಿ ಕಡಿಮೆಯಾಗುತ್ತವೆ, ಫಿಲ್ಟರ್ ಸರಿಯಾಗಿ ಬದಲಾಯಿಸಿದರೆ. ಆದರೆ ಆರ್‌ಒ ಹೊರಗೆ ಬಿಡುವ ನೀರಿನಲ್ಲಿ ಅವೆಲ್ಲಾ ಒಟ್ಟುಗೂಡಿರುತ್ತವೆ. ಆ ನೀರನ್ನು ದನಕ್ಕೆ ಕುಡಿಸುವುದನ್ನು ನೋಡಿದ್ದೇನೆ, ದಯವಿಟ್ಟು ಬೇಡ.

ನೌಬಾದ್ ನಿವಾಸಿ, ಬೀದರ್

ನಮ್ಮ ಬೀದರ್‌ನಲ್ಲಿ ಆಳದ ಗಣಿ ಇಲ್ಲ. ಆದರೆ ನೆಲದಡಿಯ ನೀರು ಹೇಗೆ ಹರಿಯುತ್ತದೆ ಅನ್ನುವುದನ್ನು ತೋರಿಸಲು ನೌಬಾದ್‌ನ ಸುರಂಗ ಬಾವಿ ಇದೆ. ಬಹಮನಿಗಳ ಕಾಲದ ಕರೇಜ್. ಮೇಲೆ ಕೆಂಪು ಮುರಕಲ್ಲು, ಕೆಳಗೆ ಕರಿಕಲ್ಲು. ಮಳೆ ನೀರು ಮುರಕಲ್ಲಿನಲ್ಲಿ ಇಳಿದು, ಕರಿಕಲ್ಲು ತಡೆದಾಗ ಅದರ ಮೇಲೆ ಅಡ್ಡ ಹರಿಯುತ್ತದೆ. ಆ ನೀರನ್ನು ಹಿಡಿಯಲು ಸುರಂಗ ಕೊರೆದರು. ಗಾಳಿ, ಬೆಳಕಿಗೆ ಅಂತ ಮೇಲಿಂದ ಉದ್ದಕ್ಕೂ ಬಾವಿಗಳನ್ನು ತೋಡಿದರು. ಅಷ್ಟು ಹಿಂದೆಯೇ ಒಳಗೆ ಕೆಲಸ ಮಾಡುವವನಿಗೆ ಗಾಳಿ ಬೇಕು ಅನ್ನುವ ಲೆಕ್ಕ ಇತ್ತು.

ನಾನು ಹೇಳಬೇಕೆಂದಿದ್ದು ಬೇರೆ. ಸುರಂಗದ ದಾರಿಯಲ್ಲಿ ಎಲ್ಲೋ ಒಂದು ಕಡೆ ಮಣ್ಣು ಕುಸಿದರೆ ಅಥವಾ ಮೇಲೆ ಪಾಯ ತೋಡಿದರೆ, ನೀರು ನಿಲ್ಲುವುದು ಇನ್ನೆಲ್ಲೋ. ನೆಲದಡಿ ನೀರಿಗೆ ಸರ್ವೆ ನಂಬರ್ ಇಲ್ಲ. ಗಣಿಯ ಗುತ್ತಿಗೆ ಜಾಗ ಇಷ್ಟೇ ಎಕರೆ ಅಂತ ನಕ್ಷೆ ತೋರಿಸಿ ಸಮಾಧಾನ ಮಾಡುವವರನ್ನು ನಂಬಬೇಡಿ. ನೀರಿನ ನಕ್ಷೆ ಕೇಳಿ.

ಡಿಪ್ಲೊಮಾ ವಿದ್ಯಾರ್ಥಿ

ಸರ್ ಹೇಳಿದ್ದು ಪೂರ್ತಿ ನಿಜ. ಆಳದ ಗಣಿಗೆ ನೀರು ಜಿನುಗುತ್ತಲೇ ಇರುತ್ತದೆ, ಹಗಲು ರಾತ್ರಿ ಪಂಪ್ ಮಾಡಿ ಹೊರಗೆ ಹಾಕಲೇಬೇಕು. ಜೋಳದ ರಾಶಿಯ ಬುಡದಿಂದ ತೆಗೆದರೆ ಸುತ್ತಲಿನ ಕಾಳು ಜಾರಿ ಅಲ್ಲಿಗೇ ಬರುವಂತೆ, ಸುತ್ತಲಿನ ಬೋರ್‌ಗಳ ನೀರು ಗಣಿ ಕಡೆಗೆ ಇಳಿಯುತ್ತದೆ. ಗೋಗಿಯ ಅದಿರು ಇರುವುದು ಭೀಮಾ ಸೀಮೆಯ ಸುಣ್ಣದಕಲ್ಲು ಮತ್ತು ಕೆಳಗಿನ ಗ್ರಾನೈಟ್ ಒಡೆದು ಪುಡಿಯಾದ ದೊಡ್ಡ ಬಿರುಕಿನ ಉದ್ದಕ್ಕೆ. ಒಡೆದ ಸುಣ್ಣದಕಲ್ಲಿನಲ್ಲಿ ನೀರು ಬೇಗ ಓಡುತ್ತದೆ. ಹಾಗಾಗಿ ಎಷ್ಟು ದೂರದ ಬೋರ್ ತನಕ ಪರಿಣಾಮ ಅನ್ನುವುದನ್ನು ಪಂಪಿಂಗ್ ಪರೀಕ್ಷೆ ಮಾಡಿ ಮೊದಲೇ ತೋರಿಸಬೇಕು.

ಯುರೇನಿಯಂ ಗಣಿ ಒಳಗೆ ರೇಡಾನ್ ಅನ್ನುವ ಅನಿಲ ಬಿಡುಗಡೆಯಾಗುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕರಗಲು ಬೇಕಾದ ಕಾಲ, 3.8 ದಿನ. ಅದು ಒಡೆದು ಹುಟ್ಟುವ ಕಣಗಳು ಪುಪ್ಪುಸದಲ್ಲಿ ಅಂಟಿಕೊಂಡು ಕ್ಯಾನ್ಸರ್ ತರಬಲ್ಲವು. ತಡೆಯುವ ಮುಖ್ಯ ದಾರಿ ಗಾಳಿ, ಜೋರಾದ ನಿರಂತರ ಗಾಳಿ. ಫ್ಯಾನ್ ಕೆಟ್ಟರೆ ಕೆಲಸ ನಿಲ್ಲಬೇಕು, ಜನ ಹೊರಗೆ ಬರಬೇಕು. ವಿಕಿರಣ ಕೆಲಸಗಾರರಿಗೆ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗುಲಿದ ವಿಕಿರಣದ ಅಳತೆ) ಮಿತಿ ಇದೆ, ಐದು ವರ್ಷದ ಸರಾಸರಿ. ಪ್ರತಿಯೊಬ್ಬನಿಗೂ ಎಷ್ಟು ತಗುಲಿದೆ ಅನ್ನುವ ದಾಖಲೆ ಇರಬೇಕು.

ಇನ್ನು ಕಲ್ಲುಪುಡಿ. ಇದೇ ದೊಡ್ಡ ವಿಷಯ. ಚಿನ್ನದ ಅದಿರು ಒಂದು ಟನ್ ಅರೆದರೆ ಸಿಗುವುದು ಕೆಲವೇ ಗ್ರಾಂ. ಉಳಿದದ್ದೆಲ್ಲಾ ಚಿನ್ನ ಬಿಡಿಸಲು ಹಾಕಿದ ಸಯನೈಡ್ ತಾಗಿದ ಹುಡಿ. ಯುರೇನಿಯಂ ಅದಿರಿನಲ್ಲೂ ಬಹುಪಾಲು ಹಾಗೇ ಉಳಿಯುತ್ತದೆ, ಅದರ ಜೊತೆ ಮೂಲ ವಿಕಿರಣದ ಸುಮಾರು 85 ಶೇಕಡಾ ಕೂಡ. ಅದರಲ್ಲಿರುವ ರೇಡಿಯಂನ ಅರ್ಧಾಯುಷ್ಯ ಸುಮಾರು 1600 ವರ್ಷ. ಆ ಕೆಸರನ್ನು ಕಟ್ಟೆ ಕಟ್ಟಿ ನಿಲ್ಲಿಸುತ್ತಾರೆ. 2019ರ ಜನವರಿ 25ರಂದು ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ ಕಬ್ಬಿಣದ ಗಣಿಯ ಇಂಥ ಕಟ್ಟೆ ಒಡೆದು 270 ಜನ ಸತ್ತರು. ಕೆಜಿಎಫ್ 2001ರಲ್ಲಿ ಮುಚ್ಚಿತು, ಸಯನೈಡ್ ಗುಡ್ಡಗಳು ಇನ್ನೂ ಇವೆ, ಗಾಳಿ ಬೀಸಿದಾಗ ಧೂಳು ಊರಿಗೆ ಬರುತ್ತದೆ.

ದಾರಿ ಇಲ್ಲ ಅಂತಲ್ಲ. ಆ ಹುಡಿಗೆ ಸಿಮೆಂಟ್ ಬೆರೆಸಿ, ಗಟ್ಟಿ ಹಿಟ್ಟಿನ ಹದಕ್ಕೆ ತಂದು, ಅದಿರು ತೆಗೆದು ಖಾಲಿಯಾದ ಜಾಗಕ್ಕೇ ವಾಪಸ್ ತುಂಬಬಹುದು. ಪೇಸ್ಟ್ ಫಿಲ್ ಅಂತಾರೆ. ಒಳಗೆ ಬಂಡೆಗೆ ಆಸರೆ ಸಿಗುತ್ತದೆ, ಕುಸಿತ ಕಡಿಮೆಯಾಗುತ್ತದೆ. ಹೊರಗೆ ಕೆಸರು ಕೆರೆ ಚಿಕ್ಕದಾಗುತ್ತದೆ. ಮೇಸ್ತ್ರಿ ಕಾಕಾನ ತಲೆ ಮೇಲಿನ ಬಂಡೆ, ಆಶಾ ಅಕ್ಕನ ಊರಿನ ನೀರು, ಎರಡಕ್ಕೂ ಒಂದೇ ಕೆಲಸದಿಂದ ಅನುಕೂಲ. ಖರ್ಚು ಜಾಸ್ತಿ, ಅದಕ್ಕೇ ಕೇಳಿದರೆ ಮಾತ್ರ ಮಾಡುತ್ತಾರೆ. ಅರೆದಾಗ ಹುಡಿ ಉಬ್ಬುವುದರಿಂದ ಪೂರ್ತಿ ಒಳಗೆ ಹಿಡಿಸುವುದಿಲ್ಲ, ಸುಮಾರು ಅರ್ಧದಷ್ಟು ಹೊರಗೆ ಉಳಿಯುತ್ತದೆ. ಉಳಿದದ್ದನ್ನು ನೀರು ಹಿಂಡಿ ಒಣಗಿಸಿ ಪೇರಿಸಬಹುದು. ನಮ್ಮಂಥ ನೀರಿಲ್ಲದ ಸೀಮೆಗೆ ಅದು ಇನ್ನೂ ಒಳ್ಳೆಯದು, ಹಿಂಡಿದ ನೀರನ್ನು ಮತ್ತೆ ಬಳಸಬಹುದು.

ಸೇಡಂ ಮಣ್ಣು

ನಮ್ಮದು ಮೇಲಿನಿಂದ ತೆಗೆಯುವ ಸುಣ್ಣದಕಲ್ಲಿನ ಗಣಿಗಳ ಸೀಮೆ. ಅನುಭವದಿಂದ ಹೇಳುವುದಾದರೆ, ತೊಗರಿ ಹೂ ಬಿಡುವ ಹೊತ್ತಿಗೆ ಎಲೆ ಮೇಲೆ ಧೂಳು ಕೂತಿರುತ್ತದೆ. ಶಹಾಬಾದ್ ಕಡೆ ಪರ್ಸಿ (ನೆಲಹಾಸು ಕಲ್ಲು) ತೆಗೆದು ಬಿಟ್ಟ ಗುಂಡಿಗಳಲ್ಲಿ ನೀರು ನಿಂತು, ಈಜಲು ಹೋದ ಮಕ್ಕಳು ಸತ್ತ ಸುದ್ದಿ ಆಗಾಗ ಬರುತ್ತದೆ. ಬೇಲಿ ಹಾಕುವುದಕ್ಕೆ ಎಷ್ಟು ಖರ್ಚು? 2017ರ ಖನಿಜ ಸಂರಕ್ಷಣಾ ನಿಯಮದಲ್ಲಿ ಗಣಿ ಮುಚ್ಚುವ ಯೋಜನೆಯನ್ನು ಗಣಿ ನಡೆಯುವಾಗಲೇ ಕೊಡಬೇಕು ಅಂತಿದೆ, ದೊಡ್ಡ ಗಣಿಗೆ ಹೆಕ್ಟೇರಿಗೆ 3 ಲಕ್ಷ ರೂಪಾಯಿ ಭದ್ರತೆ ಇಡಬೇಕು ಅಂತಿತ್ತು. ಶುರುವಿನಲ್ಲೇ ಕೊನೆಯದನ್ನು ಕೇಳಿ. ಗಣಿ ಮುಚ್ಚಿದ ಮೇಲೆ ಕೇಳಲು ಹೋದರೆ ಗೇಟಿನಲ್ಲಿ ವಾಚ್‌ಮನ್ ಸಹ ಇರುವುದಿಲ್ಲ.

ವಾಡಿ ಜಂಕ್ಷನ್

ಒಪ್ಪುತ್ತೇನೆ. ನೀರಿನ ಪರೀಕ್ಷೆ ಮೊದಲೇ ಆಗಬೇಕು ಅನ್ನುವುದಕ್ಕೆ ನನ್ನ ತಕರಾರು ಇಲ್ಲ. ಅದು ಉದ್ಯೋಗಕ್ಕೆ ಅಡ್ಡಿಯಲ್ಲ. ಆದರೆ ಇದನ್ನೆಲ್ಲಾ ಹೇಳುವುದು ಎಲ್ಲಿ? ಜನರ ಅಹವಾಲು ಸಭೆ ಮಾಡುತ್ತಾರಲ್ಲ, ಅಲ್ಲೇ ಹೇಳಬಹುದಲ್ವಾ?

ಕಲಬುರಗಿ ವಕೀಲ

ಇಲ್ಲೇ ತೊಡಕು ಇದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಗಣಿಗೆ ಅಹವಾಲು ಸಭೆ ಆಗಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸುತ್ತದೆ, ಜಿಲ್ಲಾಡಳಿತದ ಹಿರಿಯ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ನೋಟಿಸ್ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಚಿನ್ನದ ಗಣಿಗೆ ಇದು ಈಗಲೂ ಇದೆ.

ಆದರೆ 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಆದೇಶ ಹೊರಡಿಸಿತು. ಅಣು ಖನಿಜ ಮತ್ತು ನಿರ್ಣಾಯಕ ಖನಿಜಗಳ ಗಣಿಗಳಿಗೆ ಸಾರ್ವಜನಿಕ ಅಹವಾಲಿನಿಂದ ವಿನಾಯಿತಿ ಕೊಟ್ಟಿತು. ಯುರೇನಿಯಂ ಅದರಲ್ಲಿ ಬರುತ್ತದೆ. ಅಂದರೆ ಯಾವ ಗಣಿಯ ಬಗ್ಗೆ ಜನರಿಗೆ ಅತಿ ಹೆಚ್ಚು ಆತಂಕ ಇದೆಯೋ, ಅದರ ಬಗ್ಗೆಯೇ ಮೈಕ್ ಹಿಡಿದು ಮಾತಾಡುವ ಸಭೆ ಕಡ್ಡಾಯ ಅಲ್ಲ. ಇದು ತಪ್ಪು ಅಂತ ನಾನು ನೇರವಾಗಿ ಹೇಳುತ್ತೇನೆ. ದೇಶಕ್ಕೆ ಖನಿಜ ಬೇಕಿದ್ದರೆ, ಅದರ ಮೇಲೆ ವಾಸಿಸುವ ಜನರ ಮಾತು ಕೇಳುವುದಕ್ಕೆ ಒಂದು ದಿನ ಕೊಡಲು ಏನು ಕಷ್ಟ?

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಗ್ರಾಮಸಭೆಯಲ್ಲಿ ಠರಾವು ಮಾಡಬಹುದು. ಪರಿಸರ ಅನುಮತಿ ಕೊಟ್ಟರೆ ಅದರ ಷರತ್ತುಗಳು ಬಹಿರಂಗ ದಾಖಲೆ, ಅವನ್ನು ಪಾಲಿಸಿದ ಬಗ್ಗೆ ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಗಣಿಯಿಂದ ನೀರು ಎತ್ತಲು ಅಂತರ್ಜಲ ಪ್ರಾಧಿಕಾರದ ಅನುಮತಿ ಬೇಕು. ಇವೆಲ್ಲವನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಬಹುದು.

ಮತ್ತೆ ದುಡ್ಡಿನ ಮಾತು. 2015ರಿಂದ ಪ್ರತಿ ಗಣಿ ಜಿಲ್ಲೆಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ. ಗಣಿ ಕಂಪನಿಗಳು ರಾಜಧನದ ಜೊತೆಗೆ ಅದಕ್ಕೂ ಕಟ್ಟುತ್ತವೆ. ಕುಡಿಯುವ ನೀರು, ಆರೋಗ್ಯ, ಪರಿಸರ ಅದರ ಆದ್ಯತೆ. ನೀರಿನ ಪರೀಕ್ಷೆಗೆ ಹಣ ಇಲ್ಲ ಅಂತ ಯಾರಾದರೂ ಅಂದರೆ ಈ ನಿಧಿಯನ್ನು ತೋರಿಸಿ.

ನಿವೃತ್ತ ಮೇಸ್ತ್ರಿ, ಯಾದಗಿರಿ

ವಕೀಲರೇ, ಠರಾವಿನಲ್ಲಿ ಕೆಲಸಗಾರರ ಮಾತೂ ಸೇರಿಸಿ. ಗುತ್ತಿಗೆಯವರಿಗೂ ಎಕ್ಸ್‌ರೇ, ಎಕ್ಸ್‌ರೇ ಪ್ರತಿ ಅವರ ಕೈಗೆ. ಖಾಲಿ ಜಾಗಕ್ಕೆ ಹುಡಿ ವಾಪಸ್ ತುಂಬುವುದು ಅಂತ ಹುಡುಗ ಬರೆದದ್ದೂ ಸೇರಲಿ.

ಶಹಾಪುರ ರೈತ

ಸೇರಿಸುತ್ತೇವೆ ಕಾಕಾ. ಅಣ್ಣನ ಮಗನಿಗೆ ಈ ಮಾತುಕತೆಯನ್ನೆಲ್ಲಾ ಓದಿಸಿದೆ. ಸುರಕ್ಷತಾ ಸಮಿತಿ, ಎರಡನೇ ದಾರಿ, ತರಬೇತಿ, ಎಕ್ಸ್‌ರೇ, ಇವನ್ನು ಕೇಳಿಯೇ ಸೇರುತ್ತೇನೆ ಅಂದಿದ್ದಾನೆ. ಅವರವ್ವ ಇನ್ನೂ ಒಪ್ಪಿಲ್ಲ, ಒತ್ತಾಯ ಮಾಡುವುದಿಲ್ಲ.

ನೀರಿನ ಕೆಲಸ ನಾವೇ ಶುರು ಮಾಡೋಣ ಅಂತ ಪಂಚಾಯ್ತಿ ಸದಸ್ಯರ ಜೊತೆ ಮಾತಾಡಿದೆ. ಯಾವ ಬೋರ್ ನೀರು, ಯಾವಾಗ, ಹೇಗೆ ಹಿಡಿಯಬೇಕು?

ಆಶಾ ಕಾರ್ಯಕರ್ತೆ, ಸುರಪುರ ತಾಲ್ಲೂಕು

ನಮ್ಮ ಹತ್ತಿರ ಇರುವ ಫೀಲ್ಡ್ ಕಿಟ್‌ನಲ್ಲಿ ಫ್ಲೋರೈಡ್, ನೈಟ್ರೇಟ್ ನೋಡಬಹುದು. ಯುರೇನಿಯಂ ನೋಡಲು ಆಗುವುದಿಲ್ಲ, ಅದಕ್ಕೆ ಸೌಲಭ್ಯ ಇರುವ ಲ್ಯಾಬ್‌ಗೇ ಕಳಿಸಬೇಕು. ಕಳಿಸುವಾಗ ಯುರೇನಿಯಂ, ಆರ್ಸೆನಿಕ್, ಫ್ಲೋರೈಡ್, ನೈಟ್ರೇಟ್ ಅಂತ ಹೆಸರು ಬರೆದು ಕೇಳಿ. ಬರೀ ನೀರು ಪರೀಕ್ಷೆ ಅಂದರೆ ಗಡಸುತನ ನೋಡಿ ಕಳಿಸಿಬಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಯುರೇನಿಯಂ ಲೀಟರಿಗೆ 30 ಮೈಕ್ರೊಗ್ರಾಂ ಒಳಗಿರಬೇಕು.

ಡಿಪ್ಲೊಮಾ ವಿದ್ಯಾರ್ಥಿ

ಬಾಟಲಿ ಲ್ಯಾಬ್‌ನವರಿಂದಲೇ ಇಸಿದುಕೊಳ್ಳಿ, ಕೂಲ್‌ಡ್ರಿಂಕ್ ಬಾಟಲಿ ಬೇಡ. ಲೋಹಗಳ ಪರೀಕ್ಷೆಗೆ ಬಾಟಲಿಯಲ್ಲಿ ಸ್ವಲ್ಪ ಆಸಿಡ್ ಹಾಕಬೇಕಾಗುತ್ತದೆ, ಅದನ್ನು ಅವರೇ ಹೇಳುತ್ತಾರೆ. ಬೋರ್ ಸ್ವಲ್ಪ ಹೊತ್ತು ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋದ ಮೇಲೆ ಹಿಡಿಯಿರಿ. ಆರ್‌ಒ ನಂತರದ ನೀರು ಬೇಡ, ಬೋರ್‌ನಿಂದ ನೇರ ಬಂದದ್ದು ಬೇಕು. ಬೋರ್‌ನ ಆಳ, ನೀರು ನಿಂತ ಮಟ್ಟ, ತಾರೀಖು ಬರೆದು, ಮೊಬೈಲ್‌ನಲ್ಲಿ ಲೊಕೇಶನ್ ಸಮೇತ ಫೋಟೊ ತೆಗೆಯಿರಿ. ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ನವೆಂಬರ್‌ನಲ್ಲಿ ಒಮ್ಮೆ. ಎರಡೂ ಬೇಕು, ಮಳೆ ನೀರು ಸೇರಿದಾಗ ಅಂಕಿ ಬದಲಾಗುತ್ತದೆ. ಎರಡು ವರ್ಷದ್ದು ಕೈಯಲ್ಲಿದ್ದರೆ ಮೊದಲೇ ಹೀಗಿತ್ತು ಅಂತ ಯಾರೂ ಬಾಯಿಮಾತಿಗೆ ಹೇಳಲು ಆಗುವುದಿಲ್ಲ.

ಕಲಬುರಗಿ ವಕೀಲ

ಸ್ಯಾಂಪಲ್ ಹಿಡಿಯುವಾಗ ಪಂಚನಾಮೆ ಮಾಡಿ. ಪಿಡಿಒ, ಇಬ್ಬರು ಊರವರ ಸಹಿ ಇರಲಿ. ಲ್ಯಾಬ್ ರಸೀದಿಯ ಮೂಲ ಪ್ರತಿ ಪಂಚಾಯ್ತಿಯಲ್ಲಿ, ಜೆರಾಕ್ಸ್ ನಿಮ್ಮ ಹತ್ತಿರ. ಠರಾವಿನ ಕರಡು ನಾನು ಈ ವಾರ ಇಲ್ಲೇ ಹಾಕುತ್ತೇನೆ. ತಿದ್ದುವುದಿದ್ದರೆ ಎಲ್ಲರೂ ತಿದ್ದಿ, ಆಮೇಲೆ ಗ್ರಾಮಸಭೆಗೆ ತೆಗೆದುಕೊಂಡು ಹೋಗಿ.